ಅಜ್ಜಿಯ ಓಲೆಯ ಹರಳು

ಅಜ್ಜಿಯ ವಜ್ರದ ಓಲೆಗಳಲ್ಲಿ ಒಂದು ಯಾವುದೋ ಮದುವೆಮನೆಯಲ್ಲಿ ಕಳೆದುಹೋಗಿತ್ತು. ಉಳಿದದ್ದರ ಹರಳನ್ನು ಅಕ್ಕನ ನಿಶ್ಚಿತಾರ್ಥದ ಉಂಗುರಕ್ಕೆ ಹಾಕಿಸೋಣ ಅಂತ ನಾವು ಅಕ್ಕ-ತಮ್ಮ ಹೊರಟೆವು. ಮೊದಲ ಅಂಗಡಿಯಲ್ಲೇ, "ಹಳೇ ಕಟಿಂಗು, ನಡುವೆ ತೂತು ಕಾಣ್ಸುತ್ತೆ. ಮತ್ತೆ ಕಟ್ ಮಾಡ್ಸಿ" ಅಂದರು. ಮಾಡಿಸಿದರೆ ತೂಕವೂ ಹೋಗುತ್ತೆ, ಅಜ್ಜಿಯ ಕಲ್ಲೂ ಹೋದ ಹಾಗೇ.

ಈಗಿನ ದುಂಡು ವಜ್ರದ ಕೋನಗಳನ್ನು 1919ರಲ್ಲಿ ಲೆಕ್ಕ ಹಾಕಿ ಪುಸ್ತಕ ಬರೆದ ಮಾರ್ಸೆಲ್ ಟೋಲ್ಕೋವ್‌ಸ್ಕಿ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವನು. ಅಜ್ಜಿಯ ಕಲ್ಲು ಮಾತ್ರ ಕಣ್ಣಳತೆಯ ಕೆಲಸ: ಮೇಲಿನ ಚಪ್ಪಟೆ ಮುಖ ಸಣ್ಣದು, ಬುಡ ಆಳ. ಆ 'ತೂತು' ತೂತಲ್ಲ, ಬುಡದ ತುದಿಯನ್ನು ಚೂಪು ಮಾಡದೆ ಬಿಟ್ಟ ಪುಟ್ಟ ಮುಖ. ಟ್ಯೂಬ್‌ಲೈಟಿನಲ್ಲಿ ಮಂಕು, ದೀಪಕ್ಕೆ ಹಿಡಿದರೆ ದಪ್ಪ ದಪ್ಪ ಬಣ್ಣದ ಕಿಡಿ.

ಅಕ್ಕನಿಗೆ ಸುತ್ತ ಸಣ್ಣ ವಜ್ರಗಳ ಸಾಲು ಬೇಕಿತ್ತು. ಇಟ್ಟು ನೋಡಿದರೆ ಹೊಸ ಕಲ್ಲುಗಳ ಬಿಳುಪಿನ ನಡುವೆ ನಮ್ಮದು ಹಳದಿ ಹೊಡೆಯಿತು. ಹಳದಿ ಚಿನ್ನದಲ್ಲಿ ಆ ಛಾಯೆ ಅಡಗಿತು. ಅಂಚು ಒಂದು ಕಡೆ ತೆಳು, ಚಕ್ಕೆ ಏಳುವ ಭಯ. ಕೊಕ್ಕೆ ಬೇಡವೆಂದು ಸುತ್ತ ಸಣ್ಣ ಚಿನ್ನದ ಪಟ್ಟಿ ಕಟ್ಟಿಸಿದೆವು. ಓಲೆಯಲ್ಲಿ ಮುಚ್ಚಿದ್ದ ಹಿಂಬದಿಯನ್ನು ತೆರೆದೇ ಬಿಡಿಸಿದೆವು, ಕೊಳೆ ಬ್ರಷ್ಷಿಗೆ ಸಿಗಬೇಕಲ್ಲ. ಬುಡ ಆಳವಾದ್ದರಿಂದ ಉಂಗುರ ಎತ್ತರ. ಜೇಬಿಗೆ ಕೈ ಹಾಕಿದ್ರೆ ತಡೆಯುತ್ತೆ ಅಂತ ಅಕ್ಕ ಈಗಲೂ ಗೊಣಗ್ತಾಳೆ.

ಮೊನ್ನೆ ಕರೆಂಟು ಹೋದಾಗ ಮೇಣದಬತ್ತಿಯ ಮುಂದೆ ಕೈ ತಿರುಗಿಸುತ್ತಾ ಕೂತಿದ್ದಳು. ಅಜ್ಜಿ ಆ ಕೈ ಹಿಡಿದು ಹತ್ತಿರ ಎಳೆದುಕೊಂಡರು, "ಇಷ್ಟು ವರ್ಷ ನನ್ನ ಕಿವೀಲಿತ್ತು, ನಾನೇ ನೋಡಿರ್ಲಿಲ್ಲ ಕಣೇ."