ಕುಣಿಗೆ ಗುದ್ದಲಿ ಹಾಕುವ ಕೈಗಳು

ಹನುಮಸಾಗರದ ನಾವು ಎರಡು ಗಡಿಗಳ ಮೇಲೆ ಬದುಕಿದವರು. ಒಂದು ನೆಲದ್ದು. ಇಳಕಲ್ಲು, ಗಜೇಂದ್ರಗಡ ಮುಂಬಯಿ ಪ್ರಾಂತದ ಕಡೆಗಿದ್ದವು. ನಮ್ಮ ಕುಷ್ಟಗಿ ತಾಲೂಕು ರಾಯಚೂರು ಜಿಲ್ಲೆಯೊಂದಿಗೆ ನಿಜಾಮರ ರಾಜ್ಯದಲ್ಲಿತ್ತು. ಆ ಗಡಿ 1956ರ ನವೆಂಬರ್ 1ಕ್ಕೆ ಅಳಿಸಿಹೋಯಿತು. ಇನ್ನೊಂದು ಮಾತಿನ ಗಡಿ. ಅದು ಓಣಿಯೊಳಗೇ ಇದೆ. ಒಂದು ಮನೆಯ ಒಲೆ ಮುಂದೆ ಕನ್ನಡ, ಪಕ್ಕದ ಮನೆಯ ಒಲೆ ಮುಂದೆ ದಖ್ಖನಿ. ಕಟ್ಟೆಗೆ ಬಂದರೆ ಎರಡೂ ಕೂಡಿಯೇ ಹರಟೆ. ಈ ಎರಡನೆಯ ಗಡಿಯನ್ನು ನಾವು ದಿನಕ್ಕೆ ಎಷ್ಟು ಸಲ ದಾಟುತ್ತೇವೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮೊಹರಂ ತಿಂಗಳಲ್ಲಿ. ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಕುಣಿಗೆ ಗುದ್ದಲಿ ಬೀಳುತ್ತದೆ. ಅಲಾಯಿ ದೇವರು, ಅಂದರೆ ಪಂಜಾಗಳು, ಕೂಡುತ್ತವೆ. ಕೂಸಿನ ಕೊರಳಿಗೆ ಲಾಡಿ ಹಾಕಿಸಿ ಫಕೀರ ಮಾಡುತ್ತೇವೆಂದು ಹರಕೆ ಹೊತ್ತ ತಾಯಂದಿರು ಬರುತ್ತಾರೆ. ಸಕ್ಕರೆ ಓದಿಸುತ್ತಾರೆ. ಕತಲ್ ರಾತ್ರಿ ಕುಣಿಯಲ್ಲಿ ಬೆಂಕಿ, ಸುತ್ತ ಹಲಗಿ ಸದ್ದು, ಹೆಜ್ಜೆ ಮೇಳ. ಮರುದಿನ ದೇವರು ಹೊಳೆಗೆ ಹೋಗುತ್ತವೆ. ನಮ್ಮ ಸೀಮೆಯಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಇದೆಲ್ಲ ನಡೆಯುತ್ತದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹುಸೇನಿ ಆಲಂ ದರ್ಗಾಕ್ಕಂತೂ ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಹರಕೆಯಿಂದ ಹುಟ್ಟಿದ ಮಕ್ಕಳಿಗೆ ಹುಸೇನಪ್ಪ, ಫಕೀರಪ್ಪ, ಇಮಾಮಪ್ಪ ಎಂದು ಹೆಸರಿಟ್ಟ ಹಿಂದೂ ಮನೆಗಳು ಹಲವು ಜಾತಿಗಳಲ್ಲಿ ಇವೆ.

ಆ ಹತ್ತು ದಿನ ಭಾಷೆಗಳು ಕೆಲಸ ಹಂಚಿಕೊಳ್ಳುವ ಬಗೆಯೇ ಬೇರೆ. ಮುಜಾವರರು ಫಾತೇಹಾ ಓದುವುದು ಅರಬ್ಬಿಯಲ್ಲಿ. ದೇವರು ಎತ್ತುವಾಗ ಕೂಗಾಟ ದಖ್ಖನಿಯಲ್ಲಿ. ಕರ್ಬಲಾದ ಕತೆ ಮಾತ್ರ ಕನ್ನಡದಲ್ಲಿ. ಕ್ರಿ.ಶ. 680ರಲ್ಲಿ ಯೂಫ್ರೆಟಿಸ್ ದಂಡೆಯ ಸಮೀಪ ನೀರು ಸಿಗದಂತೆ ಮಾಡಿ ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಪರಿವಾರದವರನ್ನೂ ಕೊಂದ ಸಂಗತಿಯನ್ನು ರಿವಾಯತ್ ಪದವಾಗಿ ಹಾಡುವವರು ಬಹಳ ಕಡೆ ಹಿಂದೂಗಳು. ಕೇಳಿ ಕಣ್ಣೊರೆಸಿಕೊಳ್ಳುವ ಮುಸ್ಲಿಂ ಹಿರಿಯರಿಗೆ ಆ ದುಃಖ ಮುಟ್ಟುವುದು ಕನ್ನಡದಿಂದ. ಶಿಶುನಾಳ ಶರೀಫರೂ ಇಂಥ ಪದಗಳನ್ನು ಕಟ್ಟಿದರು. ರಹಮತ್ ತರೀಕೆರೆಯವರು ಊರೂರು ಸುತ್ತಿ ‘ಕರ್ನಾಟಕದ ಮೊಹರಂ’ ಪುಸ್ತಕ ಮಾಡಿದ್ದು ಇದರ ಹರವು ಎಷ್ಟೆಂಬುದನ್ನು ತೋರಿಸಿತು.

ಇದನ್ನು ನೋಡಿ ಹೊರಗಿನವರು ಇಲ್ಲಿ ಎಲ್ಲರ ನಂಬಿಕೆಯೂ ಒಂದೇ ಎಂದು ಬರೆಯುತ್ತಾರೆ. ಹಾಗಿಲ್ಲ. ನನ್ನ ಅವ್ವನಿಗೆ ಪಂಜಾ ಎಂದರೆ ಬೇಡಿದ್ದು ಕೊಡುವ ದೇವರು. ಪಕ್ಕದ ಮನೆಯ ಕಾಕಾನಿಗೆ ಅದು ಹುಸೇನರ ಬಲಿದಾನದ ಗುರುತು. ದೇವರೆಂಬ ಮಾತನ್ನು ಅವರು ಅಲ್ಲಾನ ಹೊರತು ಮತ್ತಾರಿಗೂ ಸಲ್ಲಿಸುವವರಲ್ಲ. ಆದರೂ ಅವ್ವ ಕೊಟ್ಟ ಸಕ್ಕರೆಯನ್ನು ಅವರು ಭಕ್ತಿಯಿಂದಲೇ ಓದಿ ಕೊಡುತ್ತಿದ್ದರು. ಕೃಷ್ಣೆಯ ದಂಡೆಯ ತಿಂಥಣಿಯಲ್ಲೂ ಹೀಗೇ. ಒಬ್ಬರಿಗೆ ಆತ ಮೌನೇಶ್ವರ, ಇನ್ನೊಬ್ಬರಿಗೆ ಮೌನುದ್ದೀನ್. ಯಾರೂ ಯಾರ ಹೆಸರನ್ನೂ ತಿದ್ದಲು ಹೋಗಿಲ್ಲ. ನಮ್ಮ ಹಿರಿಯರು ನಂಬಿಕೆಯನ್ನು ಕೂಡಿಸಲಿಲ್ಲ, ಕೆಲಸವನ್ನು ಹಂಚಿಕೊಂಡರು. ಕುಣಿಗೆ ಗುದ್ದಲಿ ಹಾಕುವುದು ಒಂದು ಮನೆತನದ ಹಕ್ಕು, ಕಟ್ಟಿಗೆ ತರುವುದು ಇನ್ನೊಂದರದು, ಹಲಗಿ ಬಾರಿಸುವುದು ಮತ್ತೊಂದರದು. ಒಬ್ಬ ಬಾರದಿದ್ದರೆ ಹಬ್ಬ ನಿಲ್ಲುತ್ತದೆ. ಹಾಗಾಗಿ ಬೈದಾಡಿಕೊಂಡವರೂ ಆ ದಿನ ಪರಸ್ಪರರ ಮನೆ ಬಾಗಿಲಿಗೆ ಹೋಗಿ ಕರೆಯಲೇಬೇಕು.

ಹೀಗೆ ಕರೆಯುವುದು ಎಷ್ಟು ಕಷ್ಟದ್ದಾಗಿತ್ತೆಂಬುದು ನಮ್ಮ ಸೀಮೆಯ ಚರಿತ್ರೆ ಬಲ್ಲವರಿಗೆ ಗೊತ್ತು. 1947–48ರಲ್ಲಿ ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಬೆದರಿ ಎಷ್ಟೋ ಮನೆಗಳು ಗಡಿ ದಾಟಿದವು. ಗಡಿಯಾಚೆ ಗಜೇಂದ್ರಗಡದಲ್ಲಿ ನಿಜಾಮರ ವಿರುದ್ಧದ ಹೋರಾಟದ ಶಿಬಿರ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು. ಆಮೇಲೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಗಳನ್ನು ನೆಹರೂ ಸರಕಾರ ಕಳಿಸಿದ ಸುಂದರಲಾಲ್ ಸಮಿತಿ ದಾಖಲಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ಮೊದಲನೆಯ ನೋವನ್ನು ನಾವು ವರ್ಷವರ್ಷ ಧ್ವಜ ಏರಿಸಿ ನೆನೆಯುತ್ತೇವೆ, ನೆನೆಯಲೇಬೇಕು. ಎರಡನೆಯದನ್ನು ಹೇಳುವವರು ಕಡಿಮೆ. ಎರಡನ್ನೂ ಒಂದೇ ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳಲಾರದ ಊರಿನಲ್ಲಿ ಸೌಹಾರ್ದದ ಭಾಷಣಕ್ಕೆ ಬೆಲೆ ಇಲ್ಲ. ಅಂಥ ಕಾಲ ದಾಟಿದ ಮೇಲೂ ಕುಣಿಗೆ ಗುದ್ದಲಿ ಹಾಕಲು ಎರಡೂ ಕಡೆಯವರು ಬಂದರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅವರು ಎಲ್ಲವನ್ನೂ ಮರೆತು ಬಂದವರಲ್ಲ. ಬರುವುದು ತಮ್ಮ ಪಾಲಿನ ಕೆಲಸವೆಂದು ಬಂದವರು.

ಈಗ ಆ ಕೈಗಳು ಕಡಿಮೆಯಾಗುತ್ತಿವೆ. ಎರಡೂ ಕಡೆಯ ಹುಡುಗರು ಹಿಂದೆ ಸರಿಯುತ್ತಿದ್ದಾರೆ. ಒಮ್ಮೆ ನಾನು ಕಾಕಾನನ್ನು ಕೇಳಿದೆ:

“ಕಾಕಾ, ನಿಮ್ಮ ಹುಡುಗ್ರು ದೇವ್ರು ಹಿಡಿಯಾಕ ಬರಂಗಿಲ್ಲೇನು?”

“ಇಲ್ಲವ್ವ. ಇದು ನಮ್ಮ ದೀನದಾಗ ಇಲ್ಲ ಅಂತಾರ. ಓದ್ಯಾರ, ಸುಳ್ಳು ಹೇಳಾಕತ್ತಿಲ್ಲ. ನಂಗ ಬಿಡಾಕ ಆಗಂಗಿಲ್ಲ, ಅವರಿಗೆ ಮಾಡಾಕ ಆಗಂಗಿಲ್ಲ.”

ಇಷ್ಟು ನ್ಯಾಯವಾಗಿ ಮಾತಾಡಿದವರನ್ನು ನಾನು ಬೇರೆ ಕಂಡಿಲ್ಲ. ಮೊಹರಂ ಹತ್ತನೆಯ ದಿನ ರೋಜಾ ಇದ್ದು ಮನೆಯಲ್ಲೇ ಪ್ರಾರ್ಥಿಸುವ ಹುಡುಗನ ನಂಬಿಕೆ ನಮ್ಮ ಅವ್ವನ ಹರಕೆಯಷ್ಟೇ ದೊಡ್ಡದು. ನಮ್ಮ ಹಬ್ಬದ ಸೊಬಗಿಗಾಗಿ ಅವನು ತನ್ನ ಮನಸ್ಸಿಗೆ ವಿರುದ್ಧ ಬರಲಿ ಎಂದು ಕೇಳುವ ಹಕ್ಕು ನಮಗಿಲ್ಲ. ಆದರೆ “ಅವರ ಹಬ್ಬ ನಮಗ್ಯಾಕೆ” ಎನ್ನುವ ನಮ್ಮ ಹುಡುಗರನ್ನು ಕೇಳುವ ಹಕ್ಕು ನನಗಿದೆ: ನಿನ್ನ ಮುತ್ತಜ್ಜನ ಹೆಸರು ಫಕೀರಪ್ಪ ಎಂದು ಹೇಗೆ ಬಂತು ಗೊತ್ತೇನು? ತಿಳಿದು ಬಿಡುವುದು ಬೇರೆ, ತಿಳಿಯದೆ ತಿರಸ್ಕರಿಸುವುದು ಬೇರೆ.

2025ರ ಜುಲೈ 6ಕ್ಕೆ ಮೊಹರಂ ಹತ್ತನೆಯ ದಿನವೂ ಆಷಾಢ ಏಕಾದಶಿಯೂ ಕೂಡಿ ಬಂದವು. ಒಂದು ಮನೆಯಲ್ಲಿ ರೋಜಾ, ಒಂದು ಮನೆಯಲ್ಲಿ ಏಕಾದಶಿಯ ಉಪವಾಸ. ಯಾರೂ ಹೊಂದಿಸಿದ್ದಲ್ಲ. ಇಸ್ಲಾಮಿನ ವರ್ಷ ಸುಮಾರು ಹನ್ನೊಂದು ದಿನ ಮುಂಚೆಯೇ ಮುಗಿಯುವುದರಿಂದ ಮೊಹರಂ ಸುಗ್ಗಿಗೂ ಬರುತ್ತದೆ, ಮುಂಗಾರಿಗೂ ಬರುತ್ತದೆ. ಯಾವ ತಿಂಗಳಲ್ಲಿ ಬಂದರೂ ನಮ್ಮ ಹಿರಿಯರು ಹೊಲದ ಕೆಲಸದ ನಡುವೆ ಅದಕ್ಕೆ ಜಾಗ ಮಾಡಿಕೊಂಡರು.

ಹಳೆಯ ಹಕ್ಕುಗಳಲ್ಲಿ ಕೆಲವು ಇನ್ನು ಉಳಿಯಲಾರವು. ಅವುಗಳ ಬದಲಿಗೆ ಇಬ್ಬರ ಮನಸ್ಸೂ ಒಪ್ಪುವ ಕೆಲಸ ಹುಡುಕಬೇಕು. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಹಿರೇಹಳ್ಳದ ಹೂಳು ತೆಗೆಸಲು ತಾವೇ ಹಳ್ಳಕ್ಕಿಳಿದರು. ಹಳ್ಳದ ನೀರಿಗೆ ಯಾರ ಧರ್ಮದ ತಕರಾರೂ ಇಲ್ಲ. ನಮ್ಮ ಊರುಗಳಲ್ಲೂ ಹೂಳು ತುಂಬಿದ ಕೆರೆಗಳಿವೆ, ಬೇಲಿ ಇಲ್ಲದ ಸ್ಮಶಾನ, ಖಬರಸ್ತಾನಗಳಿವೆ, ಆಸ್ಪತ್ರೆಗೆ ಜೊತೆ ಹೋಗಲು ಮಂದಿ ಇಲ್ಲದ ಮುದುಕರಿದ್ದಾರೆ. ದೇವರು ಹಿಡಿಯಲಾರೆ ಎನ್ನುವ ಹುಡುಗನನ್ನೂ, ಮಸೂತಿಯ ಕಡೆ ಬರಲಾರೆ ಎನ್ನುವ ಹುಡುಗನನ್ನೂ ಇಂಥ ಕೆಲಸಕ್ಕೆ ಮನೆಗೆ ಹೋಗಿ ಕರೆಯೋಣ. ಕರೆಯುವುದು ಕನ್ನಡದಲ್ಲಿರಲಿ, ದಖ್ಖನಿಯಲ್ಲಿರಲಿ, ಬಾಗಿಲ ತನಕ ಹೋಗುವುದು ಮಾತ್ರ ತಪ್ಪಬಾರದು.