ಹಲಾಲ್ ಮುದ್ರೆ ಒತ್ತಿದವರನ್ನ ನೋಡೋರು ಯಾರು?

ರಜೆಗೆ ಗಜೇಂದ್ರಗಡಕ್ಕೆ ಹೋದಾಗ ನಾವು ನಾಲ್ಕು ಜನ ಕೋಟೆ ಹತ್ತಿಳಿದು, ಗೆಳೆಯನೊಬ್ಬನ ಮನೇಲಿ ಚಹಾ ಕುಡೀತಾ ಕೂತಿದ್ವಿ. ಅವನ ಅಮ್ಮಿ ಬ್ಯಾಂಕ್ ಪಾಸ್‌ಬುಕ್ ತಂದು ನಮ್ಮ ಮುಂದಿಟ್ಟರು. "ಇದ್ರಾಗ ಬಡ್ಡಿ ಎಷ್ಟು ಬಂದೈತಿ, ತಗದು ಹೇಳ್ರಪಾ." ಬಡ್ಡಿ ತಮಗೆ ಬೇಡ ಅಂತ ವರ್ಷಾ ಅಷ್ಟನ್ನೂ ಬಡವರಿಗೆ ಕೊಟ್ಟುಬಿಡ್ತಾರೆ. ಲೆಕ್ಕ ಹಾಕೋದು ಸುಲಭ ಇತ್ತು. ಆಮೇಲೆ ಕೇಳಿದ ಪ್ರಶ್ನೆ ಕಷ್ಟದ್ದು: "ಬಡ್ಡಿ ಇಲ್ಲದ ಬ್ಯಾಂಕ್ ನಮ್ಮ ದೇಶದಾಗ ಇಲ್ಲೇನು? ಬೆಂಗಳೂರಾಗ ಹಲಾಲ್ ಅಂತ ಹೇಳೇ ಮಂದಿ ರೊಕ್ಕ ಮುಳುಗಿಸಿದ್ರಲ್ಲಾ."

ಅವರು ಹೇಳಿದ್ದು ಐಎಂಎ ಬಗ್ಗೆ. 2006ರಲ್ಲಿ ಶುರುವಾದ ಅದು ಬ್ಯಾಂಕೇ ಅಲ್ಲ. ಬಡ್ಡಿಯಲ್ಲ, ಲಾಭದ ಪಾಲು ಅಂತ ಹೇಳಿ ದುಡ್ಡು ತಗೊಂಡಿತ್ತು. 2019ರ ಜೂನ್‌ನಲ್ಲಿ ಮುಖ್ಯಸ್ಥ ಮನ್ಸೂರ್ ಖಾನ್ ದುಬೈ ಸೇರಿದಾಗ ಶಿವಾಜಿನಗರದಲ್ಲಿ ಜನ ಸಾಲುಗಟ್ಟಿ ನಿಂತರು. ದೂರುಗಳು 40 ಸಾವಿರ ದಾಟಿದವು. ಜುಲೈನಲ್ಲಿ ದೆಹಲಿಯಲ್ಲಿ ಬಂಧನ ಆಯ್ತು, ತನಿಖೆ ಸಿಬಿಐಗೆ ಹೋಯ್ತು.

ಧರ್ಮವನ್ನ ದುಡ್ಡಿನೊಳಗೆ ತಂದಿದ್ದೇ ತಪ್ಪು ಅಂತ ನಾವು ಮೊದಲು ತೀರ್ಪು ಕೊಟ್ಟಿದ್ವಿ. (ಎರಡನೇ ವರ್ಷದವರಿಗೆ ತೀರ್ಪು ಬೇಗ ಬರುತ್ತೆ.) ಮಲೇಷ್ಯಾ ಬಗ್ಗೆ ಓದಿದ ಮೇಲೆ ಸ್ವಲ್ಪ ಸುಮ್ಮನಾದ್ವಿ. ಅಲ್ಲಿ ಪ್ರತಿ ಇಸ್ಲಾಮಿಕ್ ಬ್ಯಾಂಕಿಗೂ ಶರಿಯಾ ಸಮಿತಿ ಇದೆ. ಅದರ ಸದಸ್ಯರಿಗೆ ಹಣ ಕೊಡೋದೂ ಆ ಬ್ಯಾಂಕೇ. ಆದರೆ ಅವರ ಮೇಲೆ ಕೇಂದ್ರ ಬ್ಯಾಂಕಿನ ಶರಿಯಾ ಮಂಡಳಿ 1997ರಿಂದ ಕೂತಿದೆ. 2013ರ ಕಾನೂನಿನ ಪ್ರಕಾರ ನಿಯಮ ಮುರಿದರೆ 8 ವರ್ಷದವರೆಗೆ ಜೈಲು. ಅಂಥ ಕಡೆ ಬ್ಯಾಂಕಿಗೆ ಸಾಲ ಕೊಡೋರು ಈ ಮೇಲ್ವಿಚಾರಣೆ ಗಟ್ಟಿ ಇದೆಯಾ ಅಂತಲೂ ನೋಡಬೇಕಾಗುತ್ತೆ. ಯಾಕಂದ್ರೆ ಧರ್ಮ ನಂಬಿ ದುಡ್ಡಿಟ್ಟವರು, ಧರ್ಮ ತಪ್ಪಿದ ಸುದ್ದಿ ಬಂದ ದಿನವೇ ವಾಪಸ್ ಕೇಳಬಹುದು.

ಇನ್ನೊಂದು ವಿಚಿತ್ರ ಕೇಸು ಶಾರ್ಜಾದ ದಾನಾ ಗ್ಯಾಸ್ ಕಂಪನಿಯದ್ದು. 70 ಕೋಟಿ ಡಾಲರ್‌ನ ಸುಕುಕ್, ಅಂದ್ರೆ ಇಸ್ಲಾಮಿಕ್ ಬಾಂಡ್, ತಾನೇ ಮಾರಿ, 2017ರಲ್ಲಿ "ಇದು ಶರಿಯಾಕ್ಕೆ ಒಪ್ಪಲ್ಲ, ದುಡ್ಡು ಕೊಡೋಕಾಗಲ್ಲ" ಅಂತ ಕೋರ್ಟಿಗೆ ಹೋಯ್ತು! ಮುದ್ರೆ ಅಳಿಸಿದರೆ ಸಾಲವೇ ಅಳಿಯುತ್ತೆ ಅನ್ನೋ ವಾದ. ಹೂಡಿಕೆದಾರರಿಗೆ ಎದೆ ಧಸಕ್ ಅಂದಿರಬೇಕು.

ಐಎಂಎಗೆ ಪ್ರಚಾರ ಕೊಟ್ಟ ಧರ್ಮಗುರುಗಳಿದ್ದರು. ಅದರ ಲೆಕ್ಕಪುಸ್ತಕವನ್ನ ಬ್ಯಾಂಕಿನದರಂತೆ ತಪಾಸಣೆ ಮಾಡೋರು ಇರಲಿಲ್ಲ. "ಇದು ಹಲಾಲಾ?" ಅನ್ನೋದಕ್ಕೆ ಉತ್ತರ ಸಿಕ್ಕ ಕೂಡ್ಲೇ "ದುಡ್ಡು ವಾಪಸ್ ಬರುತ್ತಾ?" ಅನ್ನೋದಕ್ಕೂ ಸಿಕ್ಕಿತು ಅಂತ ಜನ ಅಂದುಕೊಂಡರು. ನಾವಾಗಿದ್ರೂ ಹಾಗೇ ಅಂದುಕೊಳ್ತಿದ್ವೇನೋ.

ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಅಂತ ರಘುರಾಮ್ ರಾಜನ್ ಸಮಿತಿ 2008ರಲ್ಲೇ ಹೇಳಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ವಿಚಾರ ಕೈಬಿಟ್ಟಿತು. ಇಷ್ಟನ್ನ ಅಮ್ಮಿಗೆ ಫೋನ್ ಮಾಡಿ ಹೇಳಿದ್ವಿ.

"ಹಂಗಾರ ಮುಂದಿನ ವರ್ಷಾನೂ ನೀವ ಬಂದು ಲೆಕ್ಕ ಹಾಕ್ರಿ" ಅಂದ್ರು.