ಕುಕ್ಕರಿನಲ್ಲಿ ಮಾಚಾ ಮೊಚಿ

ಬೇಯಿಸಿದ ಅಂಟಕ್ಕಿಯನ್ನು ಕುಟ್ಟಿ ಮಾಡುವ ಜಪಾನಿನ ಮೆತ್ತನೆಯ ತಿನಿಸು ಮೊಚಿ. ಅದಕ್ಕೆ ಮೊಚಿಗೊಮೆ ಎಂಬ ಅಕ್ಕಿಯೇ ಬೇಕು. ಅದರ ಪಿಷ್ಟದಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ, ಬಹುಪಾಲು ಅಮೈಲೋಪೆಕ್ಟಿನ್. ಎಳೆದಷ್ಟೂ ಹಿಗ್ಗುವ ಗುಣ ಬರುವುದು ಅದರಿಂದ. ಸೋನಾ ಮಸೂರಿ ಎಷ್ಟು ಬೆಂದರೂ ಮುದ್ದೆಯಾದೀತು, ಮೊಚಿಯಾಗದು.

ಜಪಾನಿನಲ್ಲಿ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ದೊಡ್ಡ ಒರಳಿಗೆ ಹಾಕಿ, ಮರದ ಕೊಡತಿಯಿಂದ ಬಡಿಯುವುದು ವಾಡಿಕೆ. ಮನೆಯಲ್ಲಿ ಈ ಶ್ರಮವನ್ನು ಪ್ರೆಶರ್ ಕುಕ್ಕರ್ ನಿಜಕ್ಕೂ ಹಗುರಾಗಿಸುತ್ತದೆ. ರಾತ್ರಿಯಿಡೀ ನೆನೆಸಿ ಬಸಿದ ಒಂದು ಲೋಟ ಅಕ್ಕಿಗೆ ಸುಮಾರು ಮುಕ್ಕಾಲು ಲೋಟ ನೀರು ಹಾಕಿ, ಪಾತ್ರೆಯನ್ನು ಕುಕ್ಕರಿನೊಳಗಿಟ್ಟು, ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬಿಡಬೇಕು. ಒತ್ತಡ ತಾನಾಗಿಯೇ ಇಳಿಯಲಿ. ಅನ್ನ ಬಿಸಿಯಿರುವಾಗಲೇ ಒದ್ದೆ ಲಟ್ಟಣಿಗೆಯ ತುದಿಯಿಂದ ಅಗುಳು ಕಾಣದಂತೆ ಕುಟ್ಟಬೇಕು. ಆರಿದರೆ ಹದ ಕೂಡುವುದಿಲ್ಲ.

ನೆರಳಿನಲ್ಲಿ ಬೆಳೆಸಿದ ಚಹಾ ಎಲೆಯ ನುಣ್ಣನೆಯ ಪುಡಿಯಾದ ಮಾಚಾ ಕುಕ್ಕರಿಗೆ ಹೋಗಬಾರದು. ಹೆಚ್ಚು ಕಾವಿಗೆ ಅದರ ಹಸಿರು ಮಾಸುತ್ತದೆ, ಪರಿಮಳವೂ ಹಾರುತ್ತದೆ. ಒಂದು ಚಮಚ ಪುಡಿಯನ್ನು ಜರಡಿ ಹಿಡಿದು, ಸಕ್ಕರೆಯೊಂದಿಗೆ ಕುಟ್ಟುವ ಕೊನೆಯಲ್ಲಿ ಸೇರಿಸಬೇಕು. ಸಕ್ಕರೆ ಸಿಹಿಗಷ್ಟೇ ಅಲ್ಲ. ನೀರನ್ನು ಹಿಡಿದಿಟ್ಟು ಮೊಚಿ ಬೇಗ ಗಟ್ಟಿಯಾಗದಂತೆ ಕಾಯುತ್ತದೆ.

ಕಾರ್ನ್‌ಫ್ಲೋರ್ ಉದುರಿಸಿದ ತಟ್ಟೆಯಲ್ಲಿ ತುಂಡು ಮಾಡಿ, ಬೇಕಿದ್ದರೆ ಅಜುಕಿ ಕಾಳಿನ ಸಿಹಿ ಹೂರಣ ತುಂಬಬಹುದು. ಫ್ರಿಜ್‌ನಲ್ಲಿ ಗಡುಸಾಗುವುದರಿಂದ ಅಂದೇ ತಿನ್ನುವುದು ಒಳ್ಳೆಯದು. ಮೊಚಿ ಗಂಟಲಿಗೆ ಸಿಕ್ಕಿ ಹೊಸ ವರ್ಷದ ದಿನಗಳಲ್ಲಿ ಜಪಾನಿನ ವೃದ್ಧರು ಸಾಯುವುದುಂಟು. ಮಕ್ಕಳಿಗೂ ಹಿರಿಯರಿಗೂ ತೀರ ಚಿಕ್ಕ ತುಂಡುಗಳನ್ನೇ ಕೊಟ್ಟು, ಅವರು ಅಗಿದು ನುಂಗುವವರೆಗೆ ಜೊತೆಗಿರಬೇಕು.